ಸೊನ್ನೆಗೊಂದು ಜಾಗ

ಬಾಗಲಕೋಟೆ, ನವನಗರ. ಪಾಲಿಟೆಕ್ನಿಕ್ಕಿನ ಹಿಂದಿನ ಲ್ಯಾಬು.
ಹದಿನಾಲ್ಕು ಗಣಕಗಳಲ್ಲಿ ಒಂಬತ್ತು ಎದ್ದಿವೆ.
ಜೈತುನಬಿ ಕೂತಿದ್ದಾಳೆ ಬುತ್ತಿ ಬಿಚ್ಚದೆ,
ಕರೆಂಟು ಹೋಗುವುದರೊಳಗೆ ಮುಗಿಯಲಿ ಎಂದು.

ಅವಳ ಅಜ್ಜ ದಾವಲಸಾಬ, ಟಪಾಲಿನವ.
ಊರೊಳಗೆ ಹಿನ್ನೀರು ಬಂದ ವರ್ಷಗಳಲ್ಲಿ
ಕೆಂಪು ರಟ್ಟಿನ ವಹಿಯೊಂದರಲ್ಲಿ ಬರೆದಿಟ್ಟಿದ್ದ:
ಎಡಕ್ಕೆ ಹೆಸರು, ಹಳೆ ಓಣಿ; ಬಲಕ್ಕೆ ಹೊಸ ಸೆಕ್ಟರು.
ಯಾರ ಕಾಗದ ಎಲ್ಲಿಗೆ ಎಂದು ಗೊತ್ತಾಗಲಿಕ್ಕೆ, ಅಷ್ಟೆ.
ಮೊಮ್ಮಗಳು ಅದನ್ನೆಲ್ಲ ಕುಟ್ಟಿ ಟೆಕ್ಸ್ಟ್ ಫೈಲು ಮಾಡಿದ್ದಾಳೆ.
ಸಾಲಿಗೊಂದು ಮನೆ. ಆರುನೂರಾ ಹನ್ನೊಂದು ಸಾಲು.
ಸಿ ಭಾಷೆಯಲ್ಲಿ ಓದಿಸಬೇಕು.

ಮೊದಲು ಎಲ್ಲ ಮನೆಯಲ್ಲೂ ಒಬ್ಬನೇ:
ಕೊನೇ ಸಾಲಿನ ತಿಪ್ಪಣ್ಣ ಬಣಗಾರ.
ಕಿಲ್ಲಾದಲ್ಲಿ ಅವನೇ, ನೇಕಾರ ಓಣಿಯಲ್ಲಿ ಅವನೇ,
ಮಸೂತಿ ಹಿಂದಿನ ಹಿಟ್ಟಿನ ಗಿರಣಿಯಲ್ಲೂ ಅವನೇ.
ನಕ್ಕೆವು. ಆಮೇಲೆ ನಾನಂದೆ:
ತಂಗಿ, ಒಂದೇ ತಾಟಿನೊಳಗ ಆರುನೂರು ಮಂದಿಗೆ ಬಡಿಸೀದಿ.
ಕೇಳಿದವರಿಗೆಲ್ಲ ಅದೇ ತಾಟು ಬೆರಳು ಮಾಡಿ ತೋರಿಸೀದಿ.
ಕಡೀಗೆ ಉಂಡವನ ಎಂಜಲ ಅಷ್ಟ ಉಳಿದೈತಿ ಅದರಾಗ.

ತಾಟು ಹೆಚ್ಚಿಸಿದಳು. ಹೆಸರಿಗೆ ಇಪ್ಪತ್ತು ಬೈಟು,
ಪಕ್ಕಕ್ಕೇ ಒತ್ತಿಕೊಂಡು ಸೆಕ್ಟರಿನ ಅಂಕಿ.
ಇಂಗ್ಲಿಷಿನಲ್ಲಿ ಬರೆದ ನಾಲ್ಕು ಸಾಲು ಸುಸೂತ್ರ ಓಡಿದವು.
ಕನ್ನಡಕ್ಕೆ ಬಂದಾಗ
ಮಲ್ಲವ್ವನ ಸೆಕ್ಟರು ನೂರಾ ಎಂಬತ್ತೊಂದು ಎಂದಿತು ಪರದೆ.
ಆ ಸೆಕ್ಟರು ಇನ್ನೂ ಹುಟ್ಟೇ ಇಲ್ಲ ನವನಗರದಲ್ಲಿ.

ಬೆರಳು ಮಡಚಿ ಎಣಿಸಿದೆವು.
ಮ ಅಂದರೆ ಮೂರು ಬೈಟು. ಲ್ಲ ಒಂಬತ್ತು. ವ್ವ ಒಂಬತ್ತು.
ಬಾಯಲ್ಲಿ ಮೂರೇ ಅಕ್ಷರ, ಒಳಗೆ ಇಪ್ಪತ್ತೊಂದು.
ಕಡೇ ವ ಒಂದು ಕಾಲು ಹೊರಗೆ ಚಾಚಿ
ಪಕ್ಕದ ಅಂಕಿಯ ಮೇಲೆ ಇಟ್ಟಿದೆ.
ಒತ್ತಕ್ಷರದ ಮಂದಿ ನಾವು,
ಇನ್ನೊಬ್ಬರು ಅಳೆದ ಕೋಣೆಯಲ್ಲಿ ಹಿಡಿಸುವುದಿಲ್ಲ.

ನಡುವೆ ಇನ್ನೊಂದು ತಕರಾರು.
ಬಿಟ್ಟುಕೊಟ್ಟ ಜಾಗವನ್ನೇ ಮತ್ತೆ ಓದುತ್ತಿದ್ದಾಳೆ.
'ನನ್ನ ಗಣಕದಾಗ ಬರತೈತಲ್ರಿ ಮೇಡಂ!'
ಬರುತ್ತದೆ. ಮೇ ತಿಂಗಳಲ್ಲಿ ನೀರು ಇಳಿದಾಗ
ನಮ್ಮ ಹಳೆ ಮನೆಯ ಮೂರು ಮೆಟ್ಟಿಲೂ ಕಾಣುತ್ತಿದ್ದವು.
ಹತ್ತಿದ್ದೇನೆ ನಾನು. ಮೂರನೆಯದರ ಮೇಲೆ ನಿಂತು
ಬಾಗಿಲಿದ್ದ ಕಡೆ ಕೈ ಚಾಚಿದ್ದೇನೆ.
ಬಿಟ್ಟ ಜಾಗ ಕೂಡಲೇ ಅಳಿಸಿಹೋಗುವುದಿಲ್ಲ.
ಅದೇ ಅದರ ಮೋಸ.

ಈಗ ಅಳೆದು ಕೇಳುತ್ತಾಳೆ, ಹೆಸರಿಗೆ ಎಷ್ಟೋ ಅಷ್ಟೇ ಜಾಗ.
ಒಂದು ಬೈಟೂ ದಂಡವಿಲ್ಲ.
ಆದರೂ ವ್ಯಾಲ್ಗ್ರಿಂಡ್ ಗೊಣಗುತ್ತಿದೆ:
ಇಪ್ಪತ್ತೊಂದು ಬೈಟಿನ ತುಂಡಿನ ಆಚೆ,
ಸೊನ್ನೆ ಬೈಟು ದೂರದಲ್ಲಿ,
ನೀನು ಒಂದು ಬೈಟು ಬರೆದೆ.
'ಸೊನ್ನಿ ದೂರ ಅಂದ್ರ ಏನ್ರಿ? ಅಲ್ಲೇ ಅಂತನೋ, ಹೊರಗಂತನೋ?'
ಹೊಸ್ತಿಲ ಮೇಲೆ ಅಂತ, ಎಂದೆ. ನನಗೇ ಸಮಾಧಾನವಾಗಲಿಲ್ಲ.

ಮರುದಿನ ವಹಿಯನ್ನೇ ತಂದಳು.
ಮಲ್ಲವ್ವ, ಬಳೆಗಾರ ಓಣಿ. ಬಲಕ್ಕೆ ಸೆಕ್ಟರಿಲ್ಲ.
ನೀಲಿ ಶಾಯಿಯ ಒಂದು ಸೊನ್ನೆ,
ಟಪಾಲಿ ಠಸ್ಸೆಯಷ್ಟು ದುಂಡಗೆ.
ಅಜ್ಜನನ್ನು ಕೇಳಿದ್ದಾಳೆ.
'ಎಲ್ಲಿ ಹೋದಳೋ ಗೊತ್ತಾಗಲಿಲ್ಲ, ಬೇಟಿ.
ಖಾಲಿ ಬಿಟ್ರ ಕೆಳಗಿನವರ ಅಂಕಿ ಮ್ಯಾಲ ಏರತೈತಿ,
ಆಕಿ ಕಾಗದ ಅವರ ಮನಿಗೆ ಹೊಕ್ಕೈತಿ.
ಅದಕ್ಕ ಸೊನ್ನಿಗೂ ಒಂದು ಜಾಗಾ ಹಿಡಿದೀನಿ.'

ಜೈತುನಬಿ ಮಾತಾಡಲಿಲ್ಲ. ಉದ್ದದ ಮುಂದೆ
ಕೂಡಿಸು ಒಂದು ಎಂದು ಕುಟ್ಟಿದಳು.

ಆರುನೂರಾ ಹನ್ನೊಂದು ಮನೆ ಸಾಲಾಗಿ ಇಳಿದವು,
ತಂತಮ್ಮ ಹೆಸರು ಹೊತ್ತು. ತಿಪ್ಪಣ್ಣ ಕೊನೆಗೆ, ಒಂದೇ ಸಲ.
ತಪ್ಪುಗಳು: ಸೊನ್ನೆ.
ಅದರ ಕೆಳಗೆ ಇನ್ನೊಂದು ಸಾಲು:
ಖಚಿತವಾಗಿ ಕಳೆದದ್ದು, ಇಪ್ಪತ್ತೆರಡು ಬೈಟು, ಒಂದು ತುಂಡು.

ಇಪ್ಪತ್ತೊಂದು, ಮೇಲೊಂದು ಸೊನ್ನೆ.
ಇಬ್ಬರೂ ಲೆಕ್ಕ ಹಾಕಿದೆವು, ಇಬ್ಬರೂ ಬಾಯಿ ಬಿಡಲಿಲ್ಲ.
'ನಾಳಿಗೆ ಹುಡುಕೂಣ್ರಿ' ಎಂದು
ಬುತ್ತಿ ಬಿಚ್ಚಿದಳು. ರೊಟ್ಟಿ ಸೆಟೆದಿತ್ತು.
ಮುರಿದು ಅರ್ಧ ನನಗೆ ಕೊಟ್ಟಳು.